ಗೋಕರ್ಣಕ್ಕೆ ಶುಕ್ರವಾರ ಬಂದ ಕಥೆ

ಶುಕ್ರವಾರ ರಾತ್ರಿ ಎಂಟರ ಸುಮಾರಿಗೆ ಬೆಂಗಳೂರಿನ ತಣಿಸಂದ್ರ ಮುಖ್ಯರಸ್ತೆಯಲ್ಲಿ ನಿಂತರೆ ಬೆನ್ನಿಗೆ ಆಳೆತ್ತರದ ಚೀಲ ಏರಿಸಿಕೊಂಡು ಆಟೊಗೆ ಕೈ ಅಡ್ಡ ಹಾಕುವ ಹುಡುಗ ಹುಡುಗಿಯರು ಕಾಣುತ್ತಾರೆ. ಆಫೀಸಿಗೆ ಹೋಗುವ ಚೀಲ ಅದಲ್ಲ. ಮೇಲೊಂದು ಚಾಪೆಯ ಸುರುಳಿ, ಬದಿಯಲ್ಲಿ ನೇತಾಡುವ ಚಪ್ಪಲಿ. ಹೆಬ್ಬಾಳದಲ್ಲೋ ಗೊರಗುಂಟೆಪಾಳ್ಯದಲ್ಲೋ ಸ್ಲೀಪರ್ ಬಸ್ಸು ಹತ್ತಿ, ತುಮಕೂರು ರಸ್ತೆ ಹಿಡಿದು, ಬೆಳಗಾಗುವ ಹೊತ್ತಿಗೆ ಘಟ್ಟ ಇಳಿದು, ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟರೆ ಗೋಕರ್ಣ. ಭಾನುವಾರ ರಾತ್ರಿ ಮತ್ತೆ ಬಸ್ಸು, ಸೋಮವಾರ ಮಾನ್ಯತಾ ಟೆಕ್ ಪಾರ್ಕಿನ ಗೇಟು.

ತಣಿಸಂದ್ರವೂ ಮೊನ್ನೆ ಮೊನ್ನೆಯವರೆಗೆ ಹಳ್ಳಿಯೇ. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ನಗರದ ಲೆಕ್ಕಕ್ಕೆ ಬಂತು. ಮರುವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು, ಹೆಬ್ಬಾಳದ ಆಚೆಗಿನ ನೆಲಕ್ಕೆಲ್ಲ ಚದರಡಿಯ ಭಾಷೆ ಬಂತು. ಹೀಗೆ ಒಂದೇ ತಲೆಮಾರಿನಲ್ಲಿ ಊರುತನ ಕಳೆದುಕೊಂಡ ನಾವು, ಸಮುದ್ರದ ದಂಡೆಯಲ್ಲಿ ಊರೊಂದನ್ನು ಹುಡುಕಿಕೊಂಡು ರಾತ್ರಿಯಿಡೀ ಬಸ್ಸಿನಲ್ಲಿ ಹೊರಳಾಡುತ್ತೇವೆ. ಈ ರೂಢಿ ಎಲ್ಲಿಂದ ಬಂತು?

ಗಂಟು ಹೊತ್ತ ಅಪರಿಚಿತರು ಗೋಕರ್ಣಕ್ಕೆ ಹೊಸಬರಲ್ಲ. ಕಾಳಿದಾಸನ ರಘುವಂಶದಲ್ಲಿಯೇ ದಕ್ಷಿಣ ಸಮುದ್ರದ ದಡದ ಗೋಕರ್ಣೇಶ್ವರನ ಪ್ರಸ್ತಾಪವಿದೆ. 1801ರಲ್ಲಿ ಕಂಪನಿ ಸರ್ಕಾರದ ಪರವಾಗಿ ಕೆನರಾ ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಊರಿಗೂ ಬಂದಿದ್ದ. ಮಹಾಬಲೇಶ್ವರನ ದರ್ಶನಕ್ಕೆ ಬಂದವರು ಅರ್ಚಕರಾದ ಉಪಾಧಿವಂತರ ಮನೆಗಳಲ್ಲಿ ಇಳಿದು, ಕೋಟಿತೀರ್ಥದಲ್ಲಿ ಮುಳುಗಿ, ಸಮುದ್ರಸ್ನಾನ ಮುಗಿಸಿ, ಪಿತೃಕಾರ್ಯವಿದ್ದರೆ ಅದನ್ನೂ ಮಾಡಿಸಿ ಊರಿಗೆ ಮರಳುತ್ತಿದ್ದರು. ಹೊರಗಿನವರಿಗೆ ಕೋಣೆ ಕೊಡುವುದು, ಊಟ ಹಾಕುವುದು, ದಕ್ಷಿಣೆ ಪಡೆಯುವುದು ಇಲ್ಲಿ ಹಳೆಯ ಕಸುಬು. ಆದರೆ ಯಾತ್ರಿಕರು ಯಾರೂ ದಕ್ಷಿಣದ ಗುಡ್ಡ ಹತ್ತಿ ಆಚೆ ಇಳಿಯುತ್ತಿರಲಿಲ್ಲ. ಇಳಿದು ಮಾಡುವುದಾದರೂ ಏನಿತ್ತು? ಅಲ್ಲಿದ್ದದ್ದು ಕುಡ್ಲೆ, ಅದರಾಚೆ ಓಂಕಾರದ ಆಕಾರದ ಎರಡು ಕೊಲ್ಲಿ, ಹಿಂದೆ ಒಂದಿಷ್ಟು ಗದ್ದೆ, ತೆಂಗು, ಮಡಲಿನ ಗುಡಿಸಲು. ಹರಿಕಂತ್ರರು, ಅಂಬಿಗರು, ಹಾಲಕ್ಕಿ ಒಕ್ಕಲಿಗರು ಬದುಕುವ ಕರಾವಳಿ ಅದು. ಸಾಣಿಕಟ್ಟೆಯಲ್ಲಿ ಉಪ್ಪು, ಗಜನಿ ಭೂಮಿಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ, ತದಡಿಯಲ್ಲಿ ಮೀನು. ಹತ್ತಿರದ ಹನೇಹಳ್ಳಿಯನ್ನು ಯಶವಂತ ಚಿತ್ತಾಲರ ಕಥೆಗಳಲ್ಲಿ ಓದಿದವರಿಗೆ, ಗೋಕರ್ಣದವರೇ ಆದ ಜಯಂತ ಕಾಯ್ಕಿಣಿಯವರನ್ನು ಓದಿದವರಿಗೆ ಈ ಸೀಮೆಯ ಉಪ್ಪುಗಾಳಿ ಗೊತ್ತು. ಆ ಬರಹಗಳ ಗೋಕರ್ಣಕ್ಕೂ ಮೊಬೈಲಿನಲ್ಲಿ ನಾವು ನೋಡುವ ಗೋಕರ್ಣಕ್ಕೂ ಎಷ್ಟು ದೂರ ಎಂಬುದೂ ಅವರಿಗೇ ಹೆಚ್ಚು ಗೊತ್ತು.

ಗುಡ್ಡದಾಚೆ ಮೊದಲು ಇಳಿದವರು ಬಿಳಿಯರು. 1960ರ ದಶಕದ ಕೊನೆಯಲ್ಲಿ ಇಸ್ತಾಂಬುಲ್, ಟೆಹರಾನ್, ಕಾಬೂಲ್ ದಾಟಿ ಬಸ್ಸು ಲಾರಿಗಳಲ್ಲಿ ಬಂದ ಹಿಪ್ಪಿಗಳು ಗೋವಾದ ಅಂಜುಣದಲ್ಲಿ ಬಿಡಾರ ಹೂಡಿದ್ದರು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಗಾನಿಸ್ತಾನಕ್ಕೆ ಸೋವಿಯತ್ ಸೇನೆ. ಆ ನೆಲದ ದಾರಿ ಮುಚ್ಚಿತು. 1980ರ ದಶಕದಲ್ಲಿ ಗೋವಾಕ್ಕೆ ಚಾರ್ಟರ್ ವಿಮಾನಗಳು ಇಳಿಯತೊಡಗಿದವು. ಎರಡು ವಾರದ ರಜೆಯವರು, ಹೋಟೆಲು, ದರ ಎಲ್ಲವೂ ಏರಿತು. ಕಡಿಮೆ ದುಡ್ಡಿನಲ್ಲಿ ಇಡೀ ಚಳಿಗಾಲ ಕಳೆಯಬೇಕೆನ್ನುವವರು ಗಡಿ ದಾಟಿ ತೆಂಕಣಕ್ಕೆ ಸರಿದರು. 80ರ ದಶಕದ ಕೊನೆ, 90ರ ಆರಂಭದ ಹೊತ್ತಿಗೆ ಕುಡ್ಲೆ, ಓಂ ಕಡಲತೀರಗಳಲ್ಲಿ ಜೋಲಿ ಕಟ್ಟಿ ಮಲಗಿದವರು ಕಾಣತೊಡಗಿದ್ದರು.

ಇಲ್ಲಿ ಇನ್ನೊಂದು ಕಥೆಯನ್ನು ಜೋಡಿಸಿ ನೋಡಬೇಕು. ಪ್ರವಾಸದ ಬರಹಗಳಲ್ಲಿ ಇದು ಬರುವುದೇ ಇಲ್ಲ. ನಮ್ಮ ಕರಾವಳಿಯ ಮೀನುಗಾರಿಕೆಯೆಂದರೆ ಆಗ ರಂಪಣಿ. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ಮಹಾಬಲೆ. ಮಳೆಗಾಲ ಮುಗಿದ ಮೇಲೆ ಬಂಗಡೆಯ ಹಿಂಡು ದಡದ ಹತ್ತಿರ ಬರುತ್ತಿದ್ದ ತಿಂಗಳುಗಳಲ್ಲಿ ಬಲೆಯ ಹಗ್ಗ ಹಿಡಿದವರಿಗೆಲ್ಲ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು, ದಡಕ್ಕೆ ಬರುವ ಮೊದಲೇ ಮೀನನ್ನು ಆಳದಲ್ಲೇ ಸುತ್ತುವರಿದವು. ರಂಪಣಿ ಮೂಲೆ ಸೇರಿತು. ಬೋಟು ಕೊಳ್ಳುವ ತಾಕತ್ತಿಲ್ಲದವರಿಗೆ ದಡದಲ್ಲಿ ಕೆಲಸವಿಲ್ಲ, ಪಾಲೂ ಇಲ್ಲ. ಪರದೇಶಿಗಳು ಚೀಲ ಹೊತ್ತು ಬಂದದ್ದು ಅಕ್ಟೋಬರಿನಿಂದ ಮಾರ್ಚಿನವರೆಗೆ, ಹೆಚ್ಚುಕಡಿಮೆ ಬಂಗಡೆ ಬರುತ್ತಿದ್ದ ತಿಂಗಳುಗಳಲ್ಲೇ. ಬಲೆ ಬರಿದಾದ ಋತುವಿಗೆ ಬಾಡಿಗೆ ಬಂತು. ಕರಾವಳಿಯ ಎಷ್ಟೋ ಮನೆಗಳು ಪ್ರವಾಸಿಯನ್ನು ಒಪ್ಪಿಕೊಂಡದ್ದಕ್ಕೆ ಅತಿಥಿಸತ್ಕಾರದಷ್ಟೇ ಇದೂ ಕಾರಣವೆಂದು ನನ್ನ ಅನಿಸಿಕೆ.

ಆ ಕಾಲದ ಕೋಣೆಯೆಂದರೆ ಮಡಲು ಹೊದಿಸಿದ, ಸಗಣಿ ಸಾರಿಸಿದ ನೆಲದ ಗುಡಿಸಲು. ಚಾಪೆ ಅವರದು, ಬೀಗ ನಿಮ್ಮದು. ಬೆಲೆಬಾಳುವ ವಸ್ತುವಿದ್ದರೆ ಪೇಟೆಯ ಲಾಡ್ಜಿನಲ್ಲಿಟ್ಟು ಬರಬೇಕು. ಮಳೆಗಾಲಕ್ಕೆ ಮುಂಚೆ ಗುಡಿಸಲು ಬಿಚ್ಚುವುದು, ದೀಪಾವಳಿಯ ಆಚೀಚೆ ಮತ್ತೆ ಕಟ್ಟುವುದು. ಅನ್ನ ಸಾರು ಮಾಡುತ್ತಿದ್ದ ಒಲೆಯಲ್ಲಿ ನಿಧಾನಕ್ಕೆ ಬಾಳೆಹಣ್ಣಿನ ಪ್ಯಾನ್‌ಕೇಕ್ ಬೆಂದಿತು. 1992ರಲ್ಲಿ ಭಾರತ ಮತ್ತು ಇಸ್ರೇಲ್ ನಡುವೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟ ಮೇಲೆ, ಕಡ್ಡಾಯ ಸೇನಾಸೇವೆ ಮುಗಿಸಿದ ಇಸ್ರೇಲಿ ತರುಣರು ದಂಡಾಗಿ ಬಂದರು. ಶಕ್ಷೂಕಾ, ಹಮ್ಮಸ್ ಮೆನುವಿಗೆ ಸೇರಿದವು, ಬೋರ್ಡುಗಳಲ್ಲಿ ಹೀಬ್ರೂ ಅಕ್ಷರ ಮೂಡಿತು. ಶಾಲೆಯಲ್ಲಿ ಇಂಗ್ಲಿಷ್ ಕಲಿಯದ ಹೆಂಗಸರು ಮೂರು ಭಾಷೆಯಲ್ಲಿ ಚೌಕಾಸಿ ಮಾಡುವುದನ್ನು ಕಲಿತರು. ಬಂದವರು ತಿಂಗಳುಗಟ್ಟಲೆ ಇರುತ್ತಿದ್ದರು, ಕೊಡುತ್ತಿದ್ದದ್ದು ಕಡಿಮೆ. ಗಾಂಜಾದ ಗೊಡವೆಯೂ ಅವರ ಜತೆಯಲ್ಲೇ ಬಂತು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಅವರು ನೆಲದ ರೂಪ ಬದಲಿಸಲಿಲ್ಲ. ಅವರಿಗೆ ಗುಡಿಸಲೇ ಸಾಕಾಗಿತ್ತು.

ಬದಲಿಸಿದ್ದು ದಾರಿ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆಯಿತು, ಗೋಕರ್ಣ ರೋಡ್ ಎಂಬ ನಿಲ್ದಾಣ ಬಂತು. ಆದರೆ ಅದು ಮುಂಬೈ, ಗೋವಾ, ಮಂಗಳೂರಿನವರ ರೈಲು. ಬೆಂಗಳೂರಿನಿಂದ ಬರಬೇಕಾದ ಹಳಿ ಆಗ ಮುಚ್ಚಿತ್ತು: 1996ರಲ್ಲಿ ಗೇಜ್ ಪರಿವರ್ತನೆಗೆಂದು ನಿಲ್ಲಿಸಿದ ಹಾಸನ–ಮಂಗಳೂರು ಮಾರ್ಗದಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆಮೇಲೆ ಅದು ಕಾರವಾರದವರೆಗೂ ಮುಂದುವರಿಯಿತು, ಯಶವಂತಪುರದಿಂದ ಹಗಲು ರೈಲೂ ಬಂತು. (1997-98ರಲ್ಲೇ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗದ ಕಥೆ ಬೇರೆ. ಕಾಡಿನ ಪ್ರಶ್ನೆಯಲ್ಲಿ ಅದು ಇನ್ನೂ ಸಿಕ್ಕಿಕೊಂಡಿದೆ, ಸಿಕ್ಕಿಕೊಂಡಿರುವುದೇ ಒಳ್ಳೆಯದು ಎನ್ನುವವರ ಪಕ್ಷ ನನ್ನದು.)

ಅದೇ ವರ್ಷಗಳಲ್ಲಿ ನಾಗವಾರದ ಪಕ್ಕದಲ್ಲಿ ಮಾನ್ಯತಾ ಬೆಳೆಯಿತು. ವಾರಕ್ಕೆ ಐದೇ ದಿನದ ಕೆಲಸ, ಇಪ್ಪತ್ತೈದರೊಳಗೆ ಕೈತುಂಬ ಸಂಬಳ, ಪಿಜಿ ಕೋಣೆ, ಊರು ದೂರ. ರಾತ್ರಿ ಬಸ್ಸಿಗೆ ಹೇಳಿ ಮಾಡಿಸಿದ ಪ್ರಯಾಣಿಕರು. ಟ್ರೆಕ್ಕಿಂಗ್ ಕಂಪನಿಗಳು ಕುಮಟಾದಿಂದ ಗೋಕರ್ಣಕ್ಕೆ ದಂಡೆಯ ನಡಿಗೆಯನ್ನು ಪ್ಯಾಕೇಜು ಮಾಡಿ ಮಾರಿದವು. 2013ರಲ್ಲಿ ಜೋಧ್‌ಪುರದಲ್ಲಿ ಶುರುವಾದ ಜೋಸ್ಟೆಲ್ ಮುಂತಾದ ಹಾಸ್ಟೆಲುಗಳು ಗೋಕರ್ಣದ ಗುಡ್ಡವನ್ನೂ ಹತ್ತಿದವು. ಒಂದು ಮಂಚಕ್ಕೆ ಬಾಡಿಗೆ ಎಂಬ ಪದ್ಧತಿ ನಮ್ಮ ಹುಡುಗರಿಗೂ ಒಗ್ಗಿತು. ಕೊರೊನಾ ಕಾಲದಲ್ಲಿ ವಿದೇಶಿಯರು ನಿಂತೇ ಹೋದರು, ಮನೆಯಿಂದ ಕೆಲಸ ಮಾಡುವ ಬೆಂಗಳೂರಿಗರು ಲ್ಯಾಪ್‌ಟಾಪ್ ಹೊತ್ತು ಬಂದು ಆ ಜಾಗ ತುಂಬಿದರು. ಗೋಕರ್ಣ ಅಲ್ಲಿಂದೀಚೆಗೆ ಪೂರ್ತಿಯಾಗಿ ನಮ್ಮದಾಯಿತು, ಅಂದರೆ ಬೆಂಗಳೂರಿನದಾಯಿತು.

ನಾವು ಮಾಡಿದ್ದೇನು? ಹಿಪ್ಪಿಗಳನ್ನು ಬೈಯುವುದು ಸುಲಭ. ಅವರು ಋತು ನೋಡಿ ಬರುತ್ತಿದ್ದರು, ನಾವು ಕ್ಯಾಲೆಂಡರಿನ ಕೆಂಪು ಅಕ್ಷರ ನೋಡಿ ಬರುತ್ತೇವೆ. ಗಣರಾಜ್ಯೋತ್ಸವ ಶುಕ್ರವಾರವೋ ಸೋಮವಾರವೋ ಬಿದ್ದರೆ ಓಂ ಬೀಚಿನ ದಾರಿಯಲ್ಲಿ ಹೆಬ್ಬಾಳದ ಮೇಲ್ಸೇತುವೆಯನ್ನು ನೆನಪಿಸುವ ವಾಹನದ ಸಾಲು. ಎರಡು ರಾತ್ರಿಗೆ ಬಂದವರಿಗೆ ಏಸಿ ಬೇಕು, ಅಂಟಿಕೊಂಡ ಬಚ್ಚಲು ಬೇಕು, ಈಜುಕೊಳವೂ ಬೇಕು, ಅದೂ ಅರಬ್ಬಿ ಸಮುದ್ರದ ಎದುರಿಗೆ. ಆಗ ಮಡಲು ಹೋಗಿ ಚಿರೇಕಲ್ಲು, ಚಿರೇಕಲ್ಲು ಹೋಗಿ ಸಿಮೆಂಟು. 1991ರಿಂದ ಇರುವ ಕರಾವಳಿ ನಿಯಂತ್ರಣ ವಲಯದ ನಿಯಮ ಕಾಗದದಲ್ಲಿ ಗಟ್ಟಿಯಾಗಿದೆ. ದೋಣಿ ಇದ್ದವರು ಮೀನಿಗಿಂತ ಪ್ಯಾರಡೈಸ್ ಬೀಚಿಗೆ ಜನ ಸಾಗಿಸುವುದರಲ್ಲಿ ಹೆಚ್ಚು ದುಡ್ಡು ಕಾಣುತ್ತಾರೆ. ಅದು ಅವರ ತಪ್ಪಲ್ಲ. ಆದರೆ ಮೀನುಗಾರರ ಹಳ್ಳಿ ನೋಡಲು ಬಂದೆವೆಂದು ಹೇಳಿಕೊಳ್ಳುವ ನಾವು ಮೀನು ಹಿಡಿಯುವುದನ್ನು ನೋಡದೆಯೇ ಹಿಂದಿರುಗುತ್ತೇವೆ.

ನೋಡಬೇಕೆಂದರೆ ದಾರಿಯಿದೆ. ಗೋಕರ್ಣದಿಂದ ತದಡಿಗೆ ಹೋಗಿ, ಬಂದರಿನಲ್ಲಿ ಬೆಳಗಿನ ಹರಾಜು ನೋಡಿ, ದೋಣಿಯಲ್ಲಿ ಹೊಳೆ ದಾಟಿದರೆ ಆಚೆ ಅಘನಾಶಿನಿ ಎಂಬ ಹಳ್ಳಿ. ಹೊಳೆಯ ಹೆಸರೂ ಅದೇ, ಮೂಲದಿಂದ ಸಮುದ್ರದವರೆಗೆ ಅಣೆಕಟ್ಟಿಲ್ಲದ ನದಿ. ನೀರು ಇಳಿದಾಗ ಹೆಂಗಸರು ಕೆಸರಿನಲ್ಲಿ ಚಿಪ್ಪಿಕಲ್ಲು ಆರಿಸುತ್ತಾರೆ. ಈ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಸೆಲ್ಫಿಗೆ ಜನವಿಲ್ಲ, ಕೆಫೆಯೂ ಇಲ್ಲ. ಊಟ ಬೇಕಾದರೆ ಯಾವುದಾದರೂ ಖಾನಾವಳಿಯ ಬಾಗಿಲಲ್ಲಿ ನಿಂತು "ಅಕ್ಕಾ, ಇವತ್ತು ಯಾವ ಮೀನು ಬಂತು?" ಎಂದು ಕೇಳಬೇಕು.

ತಣಿಸಂದ್ರದ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಸಾಧ್ಯವಾದರೆ ಶುಕ್ರವಾರ ಬಿಡಿ, ಮಂಗಳವಾರ ರಜೆ ಹಾಕಿ, ರೈಲಿನಲ್ಲಿ ಹೋಗಿ, ನಾಲ್ಕು ದಿನ ಇರಿ, ಒಯ್ದ ಬಾಟಲಿಯನ್ನು ವಾಪಸು ತನ್ನಿ. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿರುವ ಆ 61 ದಿನ, ಹೋದರೂ ನೀರಿಗಿಳಿಯಬೇಡಿ. ಕುಡ್ಲೆಯಲ್ಲೂ ಓಂನಲ್ಲೂ ಮಳೆಗಾಲದ ಅಲೆಗೆ ಸಿಕ್ಕಿ ಸತ್ತವರಲ್ಲಿ ಘಟ್ಟದ ಮೇಲಿಂದ ಹೋದವರೂ ಇದ್ದಾರೆ.