ಟಿವಿ ನಮ್ಮದು, ಒಳಗಿನ ಕಂಪ್ಯೂಟರ್ ಯಾರದ್ದು?

ಸ್ಮಾರ್ಟ್ ಟಿವಿ ಆನ್ ಮಾಡಿದ ಕೂಡಲೇ ಎಷ್ಟೋ ಮನೆಗಳಲ್ಲಿ ಮೊದಲು ಕಾಣೋದು ಜಾಹೀರಾತು. ದುಡ್ಡು ಕೊಟ್ಟು ತಂದವರು ನಾವು, ಗೋಡೆ ಬಾಡಿಗೆ ಮಾತ್ರ ಇನ್ಯಾರಿಗೋ. ಜಾಹೀರಾತಾದರೂ ಕಣ್ಣಿಗೆ ಕಾಣುತ್ತೆ. ನಾವು ಏನು ನೋಡ್ತೀವಿ ಅಂತ ಟಿವಿ ಬರೆದಿಟ್ಟುಕೊಳ್ಳೋದು ಕಾಣಲ್ಲ. ಅಮೆರಿಕದಲ್ಲಿ ವಿಜಿಯೋ ಕಂಪನಿ 1.1 ಕೋಟಿ ಟಿವಿಗಳಿಂದ ಒಪ್ಪಿಗೆಯಿಲ್ಲದೆ ಮಾಹಿತಿ ಸಂಗ್ರಹಿಸಿದ ಆರೋಪ ಎದುರಿಸಿ, 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಇದಕ್ಕೆ ಸರಳ ದಾರಿಯೊಂದಿದೆ: ಟಿವಿಗೆ ವೈಫೈ ಕೊಡಬೇಡಿ, ಅದನ್ನು ಬರೀ ಪರದೆಯಾಗಿಡಿ. ಪಕ್ಕದಲ್ಲಿ ನಿಮ್ಮದೇ ಪುಟ್ಟ ಕಂಪ್ಯೂಟರ್ ಕೂರಿಸಿ. ಅಂಗಡಿಯವರು ಇದಕ್ಕೂ ಗ್ರಾಫಿಕ್ಸ್ ಕಾರ್ಡ್ ಬೇಕು ಅಂದಾರು. ಬೇಡ.

ಸಿನಿಮಾ ತೋರಿಸೋದು ಲೆಕ್ಕ ಮಾಡುವ ಕೆಲಸಕ್ಕಿಂತ ಹೆಚ್ಚಾಗಿ ಗಂಟು ಬಿಚ್ಚುವ ಕೆಲಸ. ಕುಗ್ಗಿಸಿಟ್ಟ ವಿಡಿಯೋವನ್ನು ಹಿಗ್ಗಿಸೋಕೆ ಪ್ರೊಸೆಸರ್ ಒಳಗೇ ಪ್ರತ್ಯೇಕ ಭಾಗವಿರುತ್ತೆ. ಇಂಟೆಲ್‌ನ 7ನೇ ತಲೆಮಾರಿನಿಂದ ಆ ಭಾಗಕ್ಕೆ 10 ಬಿಟ್ ಎಚ್‌ಇವಿಸಿ ಅರ್ಥವಾಗುತ್ತೆ. ಅಂದರೆ ಹೆಚ್ಚಿನ 4ಕೆ ಫೈಲುಗಳು ಸಲೀಸು. ಹೊಸ ಎವಿ1 ಕೂಡ ಬೇಕಾದರೆ 11ನೇ ತಲೆಮಾರು, ಇಲ್ಲವೇ 2023ರಲ್ಲಿ ಬಂದ, 6 ವ್ಯಾಟ್‌ನ ಎನ್100 ಚಿಪ್ ನೋಡಿ.

ಅಗ್ಗದ ಗುಟ್ಟು ಇರೋದು ಆ 7ನೇ ತಲೆಮಾರಿನಲ್ಲೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಈ ತಲೆಮಾರಿನ ಬಹುತೇಕ ಪ್ರೊಸೆಸರ್‌ಗಳನ್ನು ಒಪ್ಪಲ್ಲ. ಹಾಗಾಗಿ ಕಚೇರಿಗಳು ಗಟ್ಟಿಮುಟ್ಟಾದ ಮಿನಿ ಪಿಸಿಗಳನ್ನೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ತಳ್ಳುತ್ತವೆ. ನಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಂದದ್ದು ಅಂಥದ್ದೇ ಒಂದು. ಯಂತ್ರ ಕೆಟ್ಟಿಲ್ಲ, ಕಂಪನಿಗೆ ಬೇಡವಾಗಿದೆ ಅಷ್ಟೆ. ಲಿನಕ್ಸ್ ಹಾಕಿ, ಮೇಲೆ ಕೋಡಿ ಹಾಕಿದರೆ ಕೆಲಸ ಶುರು. ಎರಡೂ ಉಚಿತ.

ರ‍್ಯಾಮ್ 8 ಜಿಬಿ ಸಾಕು. ಆಪರೇಟಿಂಗ್ ಸಿಸ್ಟಮ್‌ಗೆ 128 ಜಿಬಿ ಎಸ್‌ಎಸ್‌ಡಿ, ಸಿನಿಮಾಗಳಿಗೆ ಮನೆಯಲ್ಲಿ ಬಿದ್ದಿರೋ ಹಳೇ ಹಾರ್ಡ್ ಡಿಸ್ಕ್. ಜಿಪುಣತನ ಮಾಡೋದಿದ್ದರೆ ಹಾರ್ಡ್ ಡಿಸ್ಕಲ್ಲಿ ಮಾಡಿ, ಎಸ್‌ಎಸ್‌ಡಿಯಲ್ಲಿ ಬೇಡ.

ಜನ ಎಡವೋದು ಪೋರ್ಟ್‌ನಲ್ಲಿ. ಎಚ್‌ಡಿಎಂಐ 1.4 ಇದ್ದರೆ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತೆ. 60 ಬೇಕಾದರೆ ಎಚ್‌ಡಿಎಂಐ 2.0 ಇರಬೇಕು, ಅಥವಾ ಡಿಸ್‌ಪ್ಲೇಪೋರ್ಟ್‌ಗೆ ಸರಿಯಾದ ಅಡಾಪ್ಟರ್ ಹಾಕಬೇಕು. ನಿಮ್ಮ ಟಿವಿ ಫುಲ್ ಎಚ್‌ಡಿ ಆದರೆ ಈ ತಲೆನೋವೇ ಇಲ್ಲ.

ಇನ್ನು ಕರೆಂಟು. ಯಾರೋ ಪುಕ್ಕಟೆ ಕೊಟ್ಟರು ಅಂತ ದೊಡ್ಡ ಹಳೇ ಡೆಸ್ಕ್‌ಟಾಪ್ ತಂದು ದಿನವಿಡೀ ಆನ್ ಇಟ್ಟಿರಿ ಅನ್ಕೊಳ್ಳಿ. 60 ವ್ಯಾಟ್ ಎಳೆದರೂ 30 ದಿನಕ್ಕೆ 43 ಯೂನಿಟ್. 10 ವ್ಯಾಟ್‌ನ ಮಿನಿ ಪಿಸಿಗೆ 7 ಯೂನಿಟ್. ಗೃಹಜ್ಯೋತಿಯ ಸರಾಸರಿ ದಾಟದ ಹಾಗೆ ಮೀಟರ್ ನೋಡಿಕೊಂಡು ಬದುಕೋ ಮನೆಗೆ 36 ಯೂನಿಟ್ ವ್ಯತ್ಯಾಸ ಸಣ್ಣದಲ್ಲ.

ಒಂದು ಮಿತಿಯನ್ನು ಮುಚ್ಚಿಡಲ್ಲ. ನೆಟ್‌ಫ್ಲಿಕ್ಸ್‌ನಂಥ ಒಟಿಟಿಗಳು ಲಿನಕ್ಸ್ ಬ್ರೌಸರ್‌ಗೆ 4ಕೆ ಕೊಡಲ್ಲ. ನಕಲು ತಡೆಯುವ ಬೀಗ ಹಾರ್ಡ್‌ವೇರ್‌ನಲ್ಲೇ ಇರಬೇಕು ಅನ್ನೋದು ಅವರ ಷರತ್ತು. ಚಂದಾ ಕಟ್ಟಿದವರಿಗೇ ಮಸುಕು ಚಿತ್ರ! ನೀವು ನೋಡೋದು ಬರೀ ಒಟಿಟಿ ಅಂದರೆ ಅಗ್ಗದ ಸ್ಟಿಕ್ ಸಾಕು, ಈ ಸಾಹಸ ಬೇಡ.

ಆದರೆ ಒಟಿಟಿಯಲ್ಲಿ ಇವತ್ತಿರೋ ಸಿನಿಮಾ ಪರವಾನಗಿ ಮುಗಿದರೆ ನಾಳೆ ಇರಲ್ಲ. ಅಮ್ಮ ಕೂಡಿಟ್ಟಿದ್ದ ಯಕ್ಷಗಾನದ ಡಿವಿಡಿಗಳು ಯಾವ ಒಟಿಟಿಯಲ್ಲೂ ನನಗೆ ಸಿಕ್ಕಿಲ್ಲ. ಒಂದೊಂದಾಗಿ ಹಾರ್ಡ್ ಡಿಸ್ಕಿಗೆ ಇಳಿಸಿದೆ, ಎರಡು ಗೀರು ಬಿದ್ದು ಹೋಗಿದ್ದವು. ಉಳಿದವನ್ನು ಅಮ್ಮ ಈಗ ರಾತ್ರಿ ಊಟವಾದ ಮೇಲೆ ನೋಡ್ತಾರೆ, ಜಾಹೀರಾತಿಲ್ಲದೆ.