ತರಗತಿಗೆ ಧ್ವನಿ ಸ್ಪೀಕರ್: ಒಪ್ಪಿಕೊಳ್ಳುವ ಮುನ್ನ ಪರೀಕ್ಷೆ

ದಾನಿಗಳಿಂದಲೋ ಹಳೆಯ ವಿದ್ಯಾರ್ಥಿಗಳಿಂದಲೋ ಶಾಲೆಗೆ ಬರುವ ಉಪಕರಣಗಳ ಸಾಲಿಗೆ, ಮಾತಿಗೆ ಓಗೊಡುವ ಸ್ಮಾರ್ಟ್ ಸ್ಪೀಕರ್ ಸೇರಿದೆ. ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಪ್ರದೇಶದ ಕನ್ನಡ ಮಾಧ್ಯಮ ತರಗತಿಗೆ ಅದು ಎಷ್ಟರಮಟ್ಟಿಗೆ ಒದಗುವುದೆಂಬುದನ್ನು ಅಂಗಡಿಯ ಪ್ರದರ್ಶನದಿಂದ ನಿರ್ಧರಿಸಲಾಗದು, ತರಗತಿಯಲ್ಲೇ ಪರೀಕ್ಷಿಸಬೇಕು.

ಅಮೆಜಾನ್ ಸಂಸ್ಥೆಯ ಎಕೋ ಸ್ಪೀಕರ್ ಅಮೆರಿಕದಲ್ಲಿ 2014ರಲ್ಲಿ, ಭಾರತದಲ್ಲಿ 2017ರಲ್ಲಿ ಮಾರುಕಟ್ಟೆಗೆ ಬಂದಿತು. ಮೊದಲ ಮಾದರಿಗಳಿಗೆ ಗೋಡೆಯ ವಿದ್ಯುತ್ ಸಂಪರ್ಕ ಅನಿವಾರ್ಯವಾಗಿತ್ತು. 2019ರ ಕೊನೆಯಲ್ಲಿ 4,800 ಮಿಲಿಆಂಪಿಯರ್-ಅವರ್ ಬ್ಯಾಟರಿಯುಳ್ಳ, ಕೈಯಲ್ಲಿ ಒಯ್ಯಬಲ್ಲ ಮಾದರಿಯು 4,999 ರೂಪಾಯಿ ಬೆಲೆಗೆ ಭಾರತದಲ್ಲಿ ಬಿಡುಗಡೆಯಾಯಿತು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 10 ಗಂಟೆ ಹಾಡು ನುಡಿಸುವುದೆಂಬುದು ತಯಾರಕರ ಹೇಳಿಕೆ. ವಿದ್ಯುತ್ ಕೈಕೊಡುವ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಆದರೆ ಬ್ಯಾಟರಿಯ ಶಕ್ತಿ ಕಾಲಕ್ರಮೇಣ ಕುಂದುವುದರಿಂದ ಹಳೆಯ ಉಪಕರಣವನ್ನು ಪಡೆಯುವವರು ಗಡಿಯಾರ ಹಿಡಿದು ಅಳೆಯುವುದು ಲೇಸು.

‘ತಂತಿರಹಿತ’ ಎಂಬ ಪದ ಇಲ್ಲಿ ತುಸು ಮರುಳುಮಾಡುತ್ತದೆ. ಸ್ಪೀಕರ್ ತಾನಾಗಿ ಗುರುತಿಸುವುದು ‘ಅಲೆಕ್ಸಾ’ ಎಂಬಂತಹ ಎಚ್ಚರಪದವನ್ನು ಮಾತ್ರ. ಅನಂತರದ ಮಾತು ವೈಫೈ ಮೂಲಕ ದೂರದ ಗಣಕಗಳಿಗೆ ಹೋಗಿ, ಅಲ್ಲಿ ಅಕ್ಷರರೂಪಕ್ಕೆ ತಿರುಗಿ, ಉತ್ತರವಾಗಿ ಮರಳುತ್ತದೆ. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ, ಸಿಗ್ನಲ್ ದುರ್ಬಲವಾಗಿರುವ ಶಾಲೆಯಲ್ಲಿ ಈ ಸರಪಳಿ ತುಂಡಾದರೆ ಉಳಿಯುವುದು ಬರಿಯ ಪೆಟ್ಟಿಗೆ. ಆದುದರಿಂದ ಅಂತರ್ಜಾಲವನ್ನು ನಿಲ್ಲಿಸಿ, ಮೊದಲೇ ಜೋಡಿಸಿದ ಫೋನಿನಿಂದ ಬ್ಲೂಟೂತ್ ಮೂಲಕ ಧ್ವನಿ ಬರುವುದೇ ಎಂದು ನೋಡಬೇಕು. ಶಿಕ್ಷಕರೇ ಓದಿ ದಾಖಲಿಸಿದ ಪದ್ಯಪಾಠ, ಊರಿನ ಸೋಲಿಗ ಹಿರಿಯರಿಂದ ಕೇಳಿ ಉಳಿಸಿಕೊಂಡ ಕಥೆ ಇವೆಲ್ಲ ಆ ದಾರಿಯಿಂದ ಇಡೀ ತರಗತಿಗೆ ಕೇಳಿಸಬಲ್ಲವು. ಅಷ್ಟೇ ಸಾಕೆಂದಾದರೆ ಸಾಧಾರಣ ಬ್ಲೂಟೂತ್ ಸ್ಪೀಕರ್ ಕಡಿಮೆ ಬೆಲೆಗೆ ಅದೇ ಕೆಲಸ ಮಾಡುತ್ತದೆ.

ಎಲ್ಲಕ್ಕಿಂತ ಗಂಭೀರವಾದುದು ಭಾಷೆಯ ಪ್ರಶ್ನೆ. ಭಾರತದಲ್ಲಿ ಅಲೆಕ್ಸಾಗೆ ಇಂಗ್ಲಿಷಿನಲ್ಲಿ, 2019ರಿಂದ ಹಿಂದಿಯಲ್ಲಿಯೂ ಆಜ್ಞೆ ನೀಡಬಹುದು. ಫೋನಿನ ಧ್ವನಿಸಹಾಯಕಕ್ಕೆ ಕನ್ನಡವನ್ನು ಸೇರಿಸುವುದಾಗಿ ಗೂಗಲ್ 2018ರಲ್ಲೇ ಪ್ರಕಟಿಸಿತ್ತು. ಹೀಗಾಗಿ ಶಿಕ್ಷಕರ ಜೇಬಿನಲ್ಲಿರುವ ಫೋನೇ ಸ್ಪೀಕರಿಗಿಂತ ಮೇಲೆನಿಸಬಹುದು. ತಾಳವಾಡಿಯ ಮಗು ಮನೆಯಲ್ಲಿ ಕನ್ನಡವಾಡುತ್ತದೆ; 2006ರ ತಮಿಳು ಕಲಿಕೆ ಕಾಯ್ದೆಯಂತೆ ಶಾಲೆಯಲ್ಲಿ ತಮಿಳು ಕಲಿಯುತ್ತದೆ; ಜೊತೆಗೆ ಇಂಗ್ಲಿಷೂ ಇದೆ. ಈ ನಡುವೆ ಹೊಸ ಯಂತ್ರವು ಕನ್ನಡದ ಪ್ರಶ್ನೆಗೆ ಸುಮ್ಮನಿದ್ದು ಇಂಗ್ಲಿಷಿಗೆ ಮಾತ್ರ ಉತ್ತರಿಸಿದರೆ, ತನ್ನ ನುಡಿಯೇ ಕೊರತೆಯದೆಂದು ಮಗು ತಿಳಿದೀತು. ಕನ್ನಡ ಯಂತ್ರಕ್ಕೆ ಬಾರದು ಎಂಬುದನ್ನು ಶಿಕ್ಷಕರು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು.

ಕನ್ನಡ ಬಲ್ಲೆನೆನ್ನುವ ಯಾವುದೇ ಉಪಕರಣವನ್ನು ಮಕ್ಕಳ ಬಾಯಿಂದಲೇ ಪರೀಕ್ಷಿಸುವುದು ಸೂಕ್ತ. ‘ಬಳೆ’ ಮತ್ತು ‘ಬಾಳೆ’, ‘ಹುಲಿ’ ಮತ್ತು ‘ಹುಳಿ’ ಎಂಬ ಜೋಡಿಗಳನ್ನು ಅದು ಬೇರ್ಪಡಿಸುವುದೇ? ಗಾಜನೂರು, ಆಸನೂರು, ದಿಂಬಂ ಎಂದಾಗ ಊರಿನ ಹೆಸರೆಂದು ಅರಿಯುವುದೇ? ಪುಸ್ತಕದ ಭಾಷೆಯಲ್ಲಿ ಕೇಳಿದ ಪ್ರಶ್ನೆಯನ್ನೇ ಚಾಮರಾಜನಗರದ ಕಡೆಯ ಆಡುಮಾತಿನಲ್ಲಿ ಕೇಳಿದರೆ? ಮೊದಲು ಹತ್ತಿರದಿಂದ, ಬಳಿಕ ಕೊನೆಯ ಸಾಲಿನಿಂದ. ಬಾಗಿಲು ಮುಚ್ಚಿ, ಅನಂತರ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ. ಮೆಲುದನಿಯ ಮಗುವಿಗೆ ಉತ್ತರ ದೊರೆಯದೆ ಗಟ್ಟಿದನಿಯವರಿಗೆ ಮಾತ್ರ ದೊರೆತರೆ ಅದನ್ನು ಗುರುತು ಹಾಕಿಕೊಳ್ಳಬೇಕು.

ಮಕ್ಕಳ ಧ್ವನಿ ಉಪಕರಣದ ಒಡೆಯರ ಖಾತೆಯಲ್ಲಿ ದಾಖಲಾಗಿ ಉಳಿಯಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ದತ್ತಾಂಶಕ್ಕೆ ಪೋಷಕರ ದೃಢೀಕೃತ ಒಪ್ಪಿಗೆಯನ್ನು ಕೇಳುತ್ತದೆ. ಶಿಕ್ಷಕರ ಸ್ವಂತ ಖಾತೆಯನ್ನು ಜೋಡಿಸದೆ, ಶಾಲೆಗೆಂದು ಪ್ರತ್ಯೇಕ ಖಾತೆ ತೆರೆದು, ಖರೀದಿಯ ಆಯ್ಕೆಯನ್ನು ಮುಚ್ಚಿಡಬೇಕು. ಪಾಠ ಮುಗಿದೊಡನೆ ಮೈಕ್ ಗುಂಡಿಯನ್ನು ಒತ್ತಿ, ಕೆಂಪು ದೀಪ ಹೊತ್ತಿದುದನ್ನು ಮಕ್ಕಳಿಗೂ ತೋರಿಸಬೇಕು.