ಒಂದೇ ತಂಡದ ಕೆಡೆಟ್ ‘ಚಿಮ್ಮ’

ಮಡಿಕೇರಿ: ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಯಾರಿಗೆ ಗೊತ್ತಿಲ್ಲ? ಆದರೆ ಕೆಡೆಟ್ ಕಾರ್ಯಪ್ಪ?

ಮನೆಯವರ ಬಾಯಲ್ಲಿ ಅವರು ‘ಚಿಮ್ಮ’. ಹುಟ್ಟಿದ್ದು ಶನಿವಾರಸಂತೆ, ಓದಿದ್ದು ಮಡಿಕೇರಿ ಸೆಂಟ್ರಲ್ ಹೈಸ್ಕೂಲು. 1917ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು.

ಆ ಕಾಲದಲ್ಲಿ ದೇಶೀ ಸಿಪಾಯಿ ಎಂಥಾ ಶೂರನಾದರೂ ಅಷ್ಟೇ, ಬಿಳಿ ಅಧಿಕಾರಿಗೆ ಸರಿಸಮ ಆಗೋದು ಕನಸಿನ ಮಾತು. ಮೊದಲ ಮಹಾಯುದ್ಧದ ಕೊನೆಗೆ ಬಾಗಿಲು ಚೂರು ತೆರೆಯಿತು. ಇಂದೋರಿನ ಡೇಲಿ ಕಾಲೇಜಿನಲ್ಲಿ ಭಾರತೀಯರಿಗೆ ಕೆಡೆಟ್ ತರಬೇತಿ! ಚಿಮ್ಮ ನುಗ್ಗಿಯೇ ಬಿಟ್ಟರು. 1919ರ ಡಿಸೆಂಬರ್ 1ರಂದು ಕಮಿಷನ್ ಸಿಕ್ಕಿತು.

ಅಲ್ಲಿಂದ ಹೊರಬಂದದ್ದು ಅದೊಂದೇ ತಂಡ. ಆಮೇಲೆ ಆ ತರಬೇತಿ ನಿಂತೇ ಹೋಯಿತು. ತಡಮಾಡಿದ್ದರೆ ಅಲ್ಲಿಗೆ ಮುಗೀತಿತ್ತು.

1949ರ ಜನವರಿ 15ರಂದು ಜನರಲ್ ಬುಚರ್ ಕೈಯಿಂದ ಸೇನೆಯ ಹೊಣೆ ಹೊತ್ತ ಮೊದಲ ಭಾರತೀಯ ಇದೇ ಚಿಮ್ಮ. ಸೇನಾ ದಿನಾಚರಣೆ ಅಂದೇ ಯಾಕೆ ಅಂತ ಇನ್ನು ಕೇಳಬೇಕಿಲ್ಲ.